ಮನೆ ಕಡೆ ತಿರುಗಿದರೆ ಕುದುರೆ ನಿಲ್ಲುವುದಿಲ್ಲ, ಮುಳ್ಳು ಕಡಿವಾಣ ಹಾಕಲೇ?

ಪ್ರಶ್ನೆ: ನನ್ನ ಹತ್ತಿರ 4 ವರ್ಷದ ಗಂಡು ಕುದುರೆ ಇದೆ, ಒಳ್ಳೆ ಜೋರು. ಭಾನುವಾರ ಆನೆಗೊಂದಿ ಸುತ್ತಲಿನ ಬಂಡೆಗಳ ದಾರಿಯಲ್ಲಿ ಸವಾರಿ ಹೋಗುತ್ತೇನೆ. ಹೋಗುವಾಗ ತಕರಾರಿಲ್ಲ. ಮನೆ ಕಡೆ ತಿರುಗಿದರೆ ಸಾಕು, ಲಗಾಮು ಜಗ್ಗಿಕೊಂಡು ಓಡುತ್ತದೆ. ಈಗ ನಡುವೆ ಒಂದೇ ಕೀಲಿರುವ ಸ್ನ್ಯಾಫಲ್ (ಬಾಯಿಯ ಪಕ್ಕದ ಬಳೆಗೇ ನೇರವಾಗಿ ಲಗಾಮು ಕಟ್ಟುವ) ಕಡಿವಾಣ ಹಾಕಿದ್ದೇನೆ. ಮುಳ್ಳಿನದು ಹಾಕು ಅಂತ ಟಾಂಗಾ ಹೊಡೆಯುವ ಹಿರಿಯರೊಬ್ಬರು ಹೇಳಿದರು. ಹಾಕಲೇ?
— ಓದುಗರು, ಗಂಗಾವತಿ ತಾಲ್ಲೂಕು

ಉತ್ತರ: ಬೇಡ. ಹಿರಿಯರ ಮೇಲೆ ನನಗೆ ಗೌರವವಿದೆ, ಆದರೆ ಈ ಮಾತು ಕೇಳಬೇಡಿ. ಸವಾರಿ, ಗಾಡಿ ಎರಡಕ್ಕೂ ಮುಳ್ಳಿನ ಕಡಿವಾಣ ಬಳಸಬಾರದು ಅಂತ 1965ರಿಂದಲೇ ಕೇಂದ್ರದ ನಿಯಮವಿದೆ. ಕಾನೂನು ಹಾಗಿರಲಿ, ನೋವಾದರೆ ಕುದುರೆ ನಿಲ್ಲುವುದಿಲ್ಲ, ನೋವಿನಿಂದ ತಪ್ಪಿಸಿಕೊಳ್ಳಲು ಇನ್ನೂ ಓಡುತ್ತದೆ.

ಮೊದಲು ಬಾಯಿ ತೋರಿಸಿ. 4 ವರ್ಷ ಅಂದರೆ ಹಾಲುಹಲ್ಲು ಬಿದ್ದು ಹೊಸದು ಬರುತ್ತಿರುವ ವಯಸ್ಸು. ಗಂಡಿಗೆ ಕೋರೆಹಲ್ಲು ಮೂಡುವುದೂ ಈಗಲೇ. ಕೆಲವಕ್ಕೆ ದವಡೆಹಲ್ಲಿನ ಮುಂದೆ ಪುಟ್ಟದೊಂದು ಹಲ್ಲಿರುತ್ತದೆ, ಕಡಿವಾಣ ಅದಕ್ಕೇ ಬಡಿಯುತ್ತದೆ. ಪಶುವೈದ್ಯರು ನೋಡುವ ತನಕ ಹೊಸ ಕಡಿವಾಣಕ್ಕೆ ದುಡ್ಡು ಹಾಕಬೇಡಿ.

ಬಾಯಿ ಸರಿ ಇದ್ದರೆ, ನಡುವೆ ಎರಡು ಕೀಲಿರುವ ಸ್ನ್ಯಾಫಲ್ ತನ್ನಿ. ಒಂದೇ ಕೀಲಿನದು ಎರಡೂ ಕೈಯಲ್ಲಿ ಜಗ್ಗಿದಾಗ ಅಡಕೊತ್ತಿನ ಹಾಗೆ ಮಡಚಿ ನಾಲಿಗೆಯನ್ನು ಒತ್ತುತ್ತದೆ. ಎರಡು ಕೀಲಿನದು ನಾಲಿಗೆ ಮೇಲೆ ಹರಡಿ ಕೂರುತ್ತದೆ. ತೀರಾ ದಪ್ಪನೆಯದೂ ಬೇಡ. ದಪ್ಪ ಇದ್ದರೆ ಮೆತ್ತಗೆ ಅಂತ ತುಂಬಾ ಜನ ನಂಬಿದ್ದಾರೆ, ಆದರೆ ಚಿಕ್ಕ ಬಾಯಿಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಅಳತೆಗೆ ಒಂದು ದಾರ ಸಾಕು. ಕಡಿವಾಣ ಕೂರುವ ಕಡೆ ಬಾಯಿಯೊಳಗೆ ಅಡ್ಡ ಹಿಡಿದು, ಎರಡೂ ಬದಿ ತುಟಿಯ ಮೂಲೆ ಬರುವಲ್ಲಿ ದಾರಕ್ಕೆ ಗಂಟು ಹಾಕಿ. ಆ ಅಳತೆಗೆ ಅರ್ಧ ಇಂಚು ಸೇರಿಸಿ. ಹಾಕಿದ ಮೇಲೆ ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಕಾಣಬೇಕು, ಕುದುರೆ ನಗುತ್ತಿರುವ ಹಾಗೆ ಕಂಡರೆ ಬಿಗಿ ಜಾಸ್ತಿ ಆಗಿದೆ ಅಂತಲೇ ಅರ್ಥ.

ಬಾಯಿಯ ಎರಡೂ ಪಕ್ಕ ಉದ್ದ ಕಡ್ಡಿ ಇಳಿಬಿದ್ದು, ಅದರ ತುದಿಗೆ ಲಗಾಮು ಕಟ್ಟುವ ಕರ್ಬ್ ಕಡಿವಾಣವೂ ಸದ್ಯಕ್ಕೆ ಬೇಡ. ಅದು ಸನ್ನೆಗೋಲಿನಂತೆ ನಿಮ್ಮ ಕೈ ಬಲವನ್ನು ಹೆಚ್ಚಿಸುತ್ತದೆ. ಬಂಡೆ ಇಳಿಯುವಾಗ ನೀವು ಮುಗ್ಗರಿಸಿ ಲಗಾಮು ಹಿಡಿದರೆ ಕುದುರೆ ತಲೆ ಎತ್ತಿಬಿಡುತ್ತದೆ. ಆಮೇಲೆ ಕಾಲಿಡುವ ಜಾಗ ನೋಡುವವರು ಯಾರು?

ಒಂದು ಮಾತು. ನಿಮ್ಮ ಕುದುರೆ ಎಳೆಯುವುದು ಮನೆ ಕಡೆ ಮಾತ್ರ ಅಲ್ವಾ? ಹಾಗಾದರೆ ತಪ್ಪು ಕಡಿವಾಣದ್ದಷ್ಟೇ ಅಲ್ಲ. ಮನೆಯಲ್ಲಿ ಹುರುಳಿ ಕಾದಿದೆ ಅಂತ ಅದಕ್ಕೆ ಗೊತ್ತು! ಬಂದ ತಕ್ಷಣ ಹುರುಳಿ ಇಡಬೇಡಿ. ವಾರಕ್ಕೊಂದೇ ಸವಾರಿಯಾದರೆ ಹುರುಳಿ ಇಳಿಸಿ, ಮೇವು ಹೆಚ್ಚಿಸಿ. ಮನೆ ಹತ್ತಿರ ಬಂದಾಗ ಗೇಟು ದಾಟಿ ಮುಂದೆ ಹೋಗಿ, ಮತ್ತೆ ತಿರುಗಿ ಬನ್ನಿ. ಓಡಲು ಹೊರಟರೆ ಎರಡೂ ಕೈಯಲ್ಲಿ ಜಗ್ಗುತ್ತಾ ಕೂರಬೇಡಿ, ಹಗ್ಗಜಗ್ಗಾಟದಲ್ಲಿ ಗೆಲ್ಲುವುದು ಕುದುರೆಯೇ. ಅಗಲ ಜಾಗ ಸಿಕ್ಕಲ್ಲಿ ಒಂದೇ ಲಗಾಮಿನಿಂದ ಸುತ್ತು ತಿರುಗಿಸಿ. ನಡಿಗೆಗೆ ಇಳಿದ ಕ್ಷಣ ಕೈ ಸಡಿಲ ಬಿಡಿ. ಈ ಸಡಿಲ ಬಿಡುವುದನ್ನೇ ನಾನೂ ಶುರುವಿನಲ್ಲಿ ಮರೆಯುತ್ತಿದ್ದೆ.

ಮತ್ತೆ, ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್‌ನಲ್ಲಿ ಹೊರಗೆ ನೇತು ಹಾಕಿದ ಕಬ್ಬಿಣ ಕೈಯಲ್ಲಿ ಹಿಡಿಯೋಕೂ ಆಗುವುದಿಲ್ಲ. ಬಾಯಿಗೆ ಹಾಕುವ ಮುಂಚೆ ನೀರಲ್ಲಿ ಅದ್ದಿ ತೆಗೆಯಿರಿ.