‘ಹಾಗಾದ್ರೆ ನಾನು ಸುಮ್ನೆ ಸೋತೆ ಅಂತ ತಾನೆ?’: ಇಲ್ಯುಮಿನಾಟಿ ನಂಬಿದ ಒಬ್ಬ ಡ್ಯಾನ್ಸ್ ಮಾಸ್ಟರ್

ಸ್ಟಾರ್‌ಗಳ ಹಿಂದೆ ‘ಇಲ್ಯುಮಿನಾಟಿ’ ಎಂಬ ಒಂದು ಗುಪ್ತ ಕೂಟವಿದೆ, ಅದಕ್ಕೆ ತಮ್ಮನ್ನು ಮಾರಿಕೊಂಡವರಷ್ಟೇ ಮೇಲೆ ಬರುತ್ತಾರೆ ಎಂದು ನಂಬಿದ ಹುಡುಗರನ್ನು ಮನೆಯವರು ಆಪ್ತಸಲಹೆಗೆ ನನ್ನ ಬಳಿ ಕರೆತರುವುದು ಈಚೆಗೆ ಹೆಚ್ಚಾಗಿದೆ. ಎಲ್ಲರೂ ಕೇಳುವುದು ಒಂದೇ: ‘ಮೇಡಂ, ಇದೆಲ್ಲ ಸುಳ್ಳು ಅಂತ ನೀವಾದ್ರೂ ಹೇಳಿ.’ ನಾನು ಹಾಗೆ ಹೇಳುವುದಿಲ್ಲ. ಯಾಕೆ ಎಂಬುದಕ್ಕೆ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ವಿವರ ಬದಲಿಸಿದೆ. ಬರೆಯಲು ಅವನ ಒಪ್ಪಿಗೆ ಇದೆ.

ಚೇತನ್‌ಗೆ 24 ವರ್ಷ. ಸಂಜೆ ಮಕ್ಕಳಿಗೆ ಡ್ಯಾನ್ಸ್ ಕ್ಲಾಸ್, ಡಿಸೆಂಬರ್ ಬಂತೆಂದರೆ ಶಾಲೆಗಳ ವಾರ್ಷಿಕೋತ್ಸವಕ್ಕೆ ಸ್ಟೆಪ್ ಹೇಳಿಕೊಡುವುದು. ಮೈಕಲ್ ಜಾಕ್ಸನ್ ಎಂದರೆ ಪ್ರಾಣ. ಟಿವಿ ಡ್ಯಾನ್ಸ್ ಶೋಗಳ ಆಡಿಶನ್‌ಗೆ ಹೋಗಿ ಹೋಗಿ ಬರಿಗೈಯಲ್ಲಿ ಬಂದಿದ್ದ. ರಾತ್ರಿ ಎರಡು ಮೂರು ಗಂಟೆಯವರೆಗೆ ವಿಡಿಯೊ ನೋಡುತ್ತಿದ್ದ. ಇಷ್ಟಾದರೂ ಅಕ್ಕ ಸುಮ್ಮನಿದ್ದರು. ಆದರೆ ಅಕ್ಕನ ಏಳು ವರ್ಷದ ಮಗಳ ಶಾಲೆಯ ಲಾಂಛನದಲ್ಲಿ ತ್ರಿಕೋನವಿದೆ, ನಡುವೆ ಸೂರ್ಯನಿದ್ದಾನೆ, ಅದು ಕಣ್ಣೇ, ತ್ರಿಕೋನದೊಳಗಿನ ಕಣ್ಣು ಆ ಕೂಟದ ಗುರುತು, ಮಗುವನ್ನು ಆ ಶಾಲೆ ಬಿಡಿಸಿ ಎಂದು ಅವನು ಹಟ ಹಿಡಿದಾಗ ಭಾವನಿಗೂ ಅವನಿಗೂ ಕೈಕೈ ಮಿಲಾಯಿಸುವ ಹಂತಕ್ಕೆ ಹೋಯಿತು.

ಮೊದಲ ಭೇಟಿಯಲ್ಲೇ ಅವನು ನನ್ನನ್ನು ಪರೀಕ್ಷಿಸಿದ. ‘ಎಪ್‌ಸ್ಟೀನ್ ಕಥೆನೂ ಸುಳ್ಳಾ ಮೇಡಂ?’ ಸುಳ್ಳಲ್ಲ ಎಂದೆ. ಜೆಫ್ರಿ ಎಪ್‌ಸ್ಟೀನ್ ಎಂಬ ಅಮೆರಿಕದ ಸಿರಿವಂತ ಅಪ್ರಾಪ್ತ ಹುಡುಗಿಯರ ಲೈಂಗಿಕ ಶೋಷಣೆಯ ಪ್ರಕರಣದಲ್ಲಿ 2008ರಲ್ಲಿ ಫ್ಲೋರಿಡಾದಲ್ಲಿ ತಪ್ಪೊಪ್ಪಿಕೊಂಡು, ಸರ್ಕಾರಿ ವಕೀಲರ ಜೊತೆಗಿನ ಒಪ್ಪಂದದಿಂದ ತೀರಾ ಹಗುರ ಶಿಕ್ಷೆಯಲ್ಲಿ ಪಾರಾದ. 2018ರಲ್ಲಿ ಮಯಾಮಿ ಹೆರಾಲ್ಡ್ ಪತ್ರಿಕೆ ಆ ಒಪ್ಪಂದವನ್ನು ಬಯಲಿಗೆಳೆಯಿತು. 2019ರ ಜುಲೈಯಲ್ಲಿ ಮತ್ತೆ ಬಂಧನ, ಆಗಸ್ಟ್ 10ರಂದು ಜೈಲಿನಲ್ಲಿ ಸಾವು. ಅವನ ಜೊತೆಗಾತಿ ಗಿಲೇನ್ ಮ್ಯಾಕ್ಸ್‌ವೆಲ್‌ಗೆ 2022ರಲ್ಲಿ 20 ವರ್ಷ ಶಿಕ್ಷೆಯಾಯಿತು. ಇದನ್ನೆಲ್ಲ ಒಪ್ಪಿಕೊಂಡರೆ ಅವನ ನಂಬಿಕೆಗೆ ನೀರೆರೆದಂತಲ್ಲವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಇಲ್ಲ. ದೊಡ್ಡವರು ಕೂಡಿ ಅನ್ಯಾಯ ಮಾಡುವುದು ಉಂಟು, ಅದನ್ನು ಇಲ್ಲವೆಂದರೆ ನಾನು ಸುಳ್ಳು ಹೇಳಿದಂತೆ. ಸುಳ್ಳು ಹೇಳಿದವರ ಮಾತನ್ನು ಅವನು ಮುಂದೆ ಕೇಳುವುದಿಲ್ಲ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಅಲ್ಲೇ ಇದೆ. ಎಪ್‌ಸ್ಟೀನ್ ಸಿಕ್ಕಿಬಿದ್ದದ್ದು ಅನ್ಯಾಯಕ್ಕೊಳಗಾದವರು ಬಾಯಿಬಿಟ್ಟು ಹೇಳಿದ್ದರಿಂದ, ದಾಖಲೆಗಳಿಂದ. ಯಾರದೋ ಫೋಟೊದಲ್ಲಿ ಕೈ ತ್ರಿಕೋನವಾಗಿದೆ ಎಂದು ಯಾರೋ ಗುರುತಿಸಿದ್ದರಿಂದಲ್ಲ.

ಆಮೇಲೆ ನಾವು ಹಿಡಿದ ಕ್ರಮ ಇದು. ಒಂದು ಸಲಕ್ಕೆ ಒಂದೇ ಮಾತು. ಹತ್ತು ವಿಷಯ ಒಟ್ಟಿಗೆ ಬಂದರೆ ಒಂದು ಬಿದ್ದುಹೋದ ಕೂಡಲೇ ‘ಅದು ಬಿಡಿ, ಇದಕ್ಕೇನಂತೀರಿ’ ಎಂದು ಹಾರುವುದಷ್ಟೇ ಆಗುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ: ಮಾತು ಏನು, ಹೇಳಿದವರಿಗೆ ಅದು ಹೇಗೆ ಗೊತ್ತಾಯಿತು, ಇದು ನಿಜವಲ್ಲದಿದ್ದರೆ ನನಗೆ ಏನು ಕಾಣಬೇಕಿತ್ತು, ಹೇಳಿದವರಿಗೆ ಇದರಿಂದ ಏನು ಸಿಗುತ್ತದೆ. ಬರೆಯುವವನು ಅವನೇ. ಮೂರನೆಯ ಕಾಲಂ ತುಂಬುವುದು ಎಲ್ಲರಿಗೂ ಕಷ್ಟ. ಖಾಲಿ ಉಳಿದರೂ ಸರಿ, ನಾನು ತುಂಬಿಸಲು ಹೋಗುವುದಿಲ್ಲ.

ಅವನು ಮೊದಲು ಆರಿಸಿಕೊಂಡದ್ದು ಜಾಕ್ಸನ್‌ನ ಸಾವು, ‘ಕೂಟಕ್ಕೆ ಕೊಟ್ಟ ಬಲಿ’. 2009ರ ಜೂನ್ 25ರಂದು ಅವರು ತೀರಿಕೊಂಡದ್ದು ನಿದ್ದೆಗೆಂದು ಮನೆಯಲ್ಲೇ ಕೊಡುತ್ತಿದ್ದ ಪ್ರೊಪೊಫೋಲ್ ಎಂಬ ಅರಿವಳಿಕೆಯಿಂದ. ನೋಡಿಕೊಳ್ಳುತ್ತಿದ್ದ ವೈದ್ಯ ಕಾನ್ರಾಡ್ ಮರ್ರೆ ತಪ್ಪಿತಸ್ಥನೆಂದು 2011ರ ನವೆಂಬರ್‌ನಲ್ಲಿ ತೀರ್ಪಾಯಿತು. ಚೇತನ್ ಇದನ್ನು ಓದಿ ಬಂದ, ಆದರೆ ‘ಅದು ಮೇಲ್ನೋಟಕ್ಕೆ’ ಎಂದ. ಮಾಹಿತಿ ಒಂದರಿಂದಲೇ ಇಂಥವರು ಬದಲಾಗುತ್ತಾರೆ ಎಂದು ನಂಬುವವರು ಇದನ್ನು ಗಮನಿಸಬೇಕು.

ಎರಡನೆಯದು ಸ್ಟಾರ್‌ಗಳು ಕೂಟದ ಗುರುತಾಗಿ ಫೋಟೊಗಳಲ್ಲಿ ಮಾಡುತ್ತಾರೆ ಎನ್ನುವ ‘ಒಂದು ಕಣ್ಣು ಮುಚ್ಚುವ ಸನ್ನೆ’. ಇದನ್ನು ಎಣಿಸಬಹುದು. ಒಬ್ಬ ಸ್ಟಾರ್‌ನ 100 ಫೋಟೊ, ಅವನದೇ ಕ್ಲಾಸಿನ 100 ಫೋಟೊ. ಆರಿಸುವ ಹಾಗಿಲ್ಲ, ಸಾಲಾಗಿ ತೆಗೆದುಕೊಳ್ಳಬೇಕು. ಯಾವುದನ್ನು ಸನ್ನೆ ಎನ್ನಬೇಕು ಎಂದು ಮೊದಲೇ ಬರೆದಿಡಬೇಕು: ಕೂದಲು ಬಿದ್ದರೆ ಲೆಕ್ಕವೇ, ಮೈಕ್ ಅಡ್ಡ ಬಂದರೆ, ಮುಖ ಪಕ್ಕಕ್ಕೆ ತಿರುಗಿದ್ದರೆ? ಎಲ್ಲರೂ ಎಡವುವುದು ಇಲ್ಲೇ. ಸ್ಟಾರ್‌ನ ಫೋಟೊಕ್ಕೆ ಸಡಿಲ ನಿಯಮ, ನಮ್ಮ ಫೋಟೊಕ್ಕೆ ಬಿಗಿ ನಿಯಮ ಆಗಿಬಿಡುತ್ತದೆ, ಅದೂ ನಮಗೇ ತಿಳಿಯದಂತೆ. ಅದಕ್ಕೇ ಬರೆದಿಡುವುದು.

ಮುಂದಿನ ವಾರ ಅವನು ಬಂದು ಫೋನನ್ನು ಮೇಜಿನ ಮೇಲಿಟ್ಟ. ಅವನ ಕ್ಲಾಸಿನ ಮಕ್ಕಳೆಲ್ಲ ಕರಿ ಟೋಪಿಯನ್ನು ಒಂದು ಕಣ್ಣಿನ ಮೇಲೆ ಎಳೆದುಕೊಂಡು ಸಾಲಾಗಿ ನಿಂತಿದ್ದಾರೆ. ಜಾಕ್ಸನ್ ಭಂಗಿ. ಹೇಳಿಕೊಟ್ಟವನು ಇವನೇ. ಲೆಕ್ಕದಲ್ಲಿ ಅವನ ಕ್ಲಾಸೇ ಸ್ಟಾರ್‌ಗಿಂತ ಮುಂದಿತ್ತು. ನಾನು ಏನೂ ಹೇಳಲಿಲ್ಲ. ತುಂಬ ಹೊತ್ತು ಫೋಟೊ ಹಿಂದೆ ಮುಂದೆ ಸರಿಸುತ್ತಿದ್ದವನು ತಲೆ ಎತ್ತದೆ ಕೇಳಿದ:

‘ಇದೆಲ್ಲ ಸುಳ್ಳು ಅಂತಾದ್ರೆ... ಹಾಗಾದ್ರೆ ನಾನು ಸುಮ್ನೆ ಸೋತೆ ಅಂತ ತಾನೆ ಮೇಡಂ?’

ಅಲ್ಲಿಯವರೆಗೆ ನಾವು ಮಾತಾಡಿದ್ದು ಇಲ್ಯುಮಿನಾಟಿ ಬಗ್ಗೆ ಆಗಿರಲೇ ಇಲ್ಲ. ಗೆದ್ದವರೆಲ್ಲ ತಮ್ಮನ್ನು ಮಾರಿಕೊಂಡವರು ಎಂದಾದರೆ ಸೋತವನು ಮಾರಿಕೊಳ್ಳದವನು, ಮಾನ ಉಳಿಸಿಕೊಂಡವನು. ಆ ನಂಬಿಕೆಯನ್ನು ನಾನು ಮೊದಲ ದಿನವೇ ಕಿತ್ತುಕೊಂಡಿದ್ದರೆ ಅವನ ಕೈಯಲ್ಲಿ ಏನು ಉಳಿಯುತ್ತಿತ್ತು?

‘ಸೋತಿದ್ದು ನಿಜ’ ಎಂದೆ. ‘ಯಾಕೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನ ಸ್ವಲ್ಪ ದಿನ ಹಾಗೇ ಇರೋಕೆ ಬಿಡೋಣ.’ ಅವನು ಅತ್ತ. ನಾನು ಸಮಾಧಾನ ಮಾಡಲು ಆತುರಪಡಲಿಲ್ಲ.

ಆಮೇಲೆ ಆಡಿಶನ್ ಬಗ್ಗೆ ಮಾತಾಡಿದೆವು. ಶೋ ಮಾಡುವವರು ಕುಣಿತವನ್ನಷ್ಟೇ ನೋಡುವುದಿಲ್ಲ, ಟಿವಿಯಲ್ಲಿ ಹೇಳಲು ಒಂದು ಕಥೆಯನ್ನೂ ಹುಡುಕುತ್ತಾರೆ. ಪರಿಚಯ, ದುಡ್ಡು ಎರಡಕ್ಕೂ ಬೆಲೆಯಿದೆ. ಒಳಗುಂಪುಗಳೂ ಇವೆ: ಮಲಯಾಳಂ ಚಿತ್ರರಂಗದ ಬಗ್ಗೆ ನ್ಯಾಯಮೂರ್ತಿ ಹೇಮಾ ಸಮಿತಿ 2019ರಲ್ಲಿ ಕೊಟ್ಟು 2024ರ ಆಗಸ್ಟ್‌ನಲ್ಲಿ ಹೊರಬಂದ ವರದಿಯಲ್ಲಿ ‘ಪವರ್ ಗ್ರೂಪ್’ ಎಂಬ ಮಾತೇ ಇದೆ. ಅದೇ ವರದಿಯಲ್ಲಿ ಶೂಟಿಂಗ್ ಜಾಗದಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಕೋಣೆಯಿಲ್ಲ ಎಂಬುದೂ ಇದೆ. ಕನ್ನಡದಲ್ಲೂ ಅಂಥ ಸಮಿತಿ ಬೇಕೆಂದು ಚಿತ್ರರಂಗದವರ ‘ಫೈರ್’ ಸಂಘಟನೆ ಅದೇ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ನಿಜವಾದ ಅನ್ಯಾಯ ಹೀಗಿರುತ್ತದೆ: ಪಾತ್ರ, ಸಂಬಳ, ಶೌಚಾಲಯ. ಅದರ ವಿರುದ್ಧ ದೂರು ಕೊಡಬಹುದು, ಸಂಘ ಕಟ್ಟಬಹುದು. ಇಲ್ಯುಮಿನಾಟಿಯ ವಿರುದ್ಧ ಯಾರೂ ಏನೂ ಮಾಡುವ ಹಾಗಿಲ್ಲ. ಯಾಕೆಂದರೆ ಅದು ಈಗ ಇಲ್ಲವೇ ಇಲ್ಲ: ಇಂದಿನ ಜರ್ಮನಿಯ ಬವೇರಿಯಾದಲ್ಲಿ ಆಡಂ ವೈಸ್‌ಹೌಪ್ಟ್ ಎಂಬ ಪ್ರಾಧ್ಯಾಪಕ 1776ರಲ್ಲಿ ಕಟ್ಟಿದ ಆ ಕೂಟವನ್ನು ಅಲ್ಲಿನ ದೊರೆ 1785ರ ಹೊತ್ತಿಗೆ ನಿಷೇಧಿಸಿದ್ದ. ಅನ್ಯಾಯದ ಮೇಲೆ ಸಿಟ್ಟಿರುವ ಹುಡುಗರ ಶಕ್ತಿಯನ್ನು ಈ ವಿಡಿಯೊಗಳು ಹೀಗೆ ಪೋಲು ಮಾಡುತ್ತವೆ ಎಂಬುದೇ ನನಗಿರುವ ದೊಡ್ಡ ತಕರಾರು.

ಮನೆಯವರಿಗೆ ಕೊಟ್ಟ ಸಲಹೆ ಬೇರೆ. ನಾಲ್ಕು ಜನರ ಮುಂದೆ ವಾದ ಬೇಡ. ‘ತಲೆ ಕೆಟ್ಟಿದೆ’ ಎಂಬ ಮಾತು ಬೇಡವೇ ಬೇಡ. ಏನು ನಂಬುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು, ಆದರೆ ಮಗುವಿನ ಶಾಲೆ, ಮನೆಯವರ ಔಷಧಿ, ಮನೆಯ ದುಡ್ಡು ಈ ಮೂರರಲ್ಲಿ ಅವನ ಮಾತು ನಡೆಯುವುದಿಲ್ಲ ಎಂದು ಭಾವ ಒಮ್ಮೆ ತಣ್ಣಗೆ ಹೇಳಿದರು, ಮತ್ತೆ ಹೇಳಲಿಲ್ಲ. ಫೋನನ್ನು ಕದ್ದು ನೋಡುವುದು ಬೇಡ. ಚೇತನ್ ಒಪ್ಪಿ, ಅಕ್ಕನ ಎದುರು ತಾನೇ ಯೂಟ್ಯೂಬ್‌ನ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿದ. ಹಾಗೆ ಮಾಡಿದರೆ ಹೋಮ್ ಪುಟದಲ್ಲಿ ಶಿಫಾರಸುಗಳು ಬರುವುದು ನಿಲ್ಲುತ್ತದೆ. ಆಟೊಪ್ಲೇ ಕೂಡ ಆಫ್. ರಾತ್ರಿ ಹನ್ನೊಂದಕ್ಕೆ ಫೋನ್ ನಡುಮನೆಯಲ್ಲಿ ಚಾರ್ಜಿಗೆ, ಇದು ಮನೆಯ ಎಲ್ಲರಿಗೂ. ಅವನೊಬ್ಬನಿಗೇ ಮಾಡಿದರೆ ಎರಡು ದಿನವೂ ನಡೆಯದು. ನಿದ್ದೆ ಸರಿಯಾದ ಮೇಲೆಯೇ ಹಾಳೆಯ ಮೂರನೆಯ ಕಾಲಂ ತುಂಬತೊಡಗಿತು.

ಅವನು ಈಗಲೂ ಕೆಲವನ್ನು ನಂಬುತ್ತಾನೆ. ‘ಇನ್ನೂ ನಂಬ್ತೀಯಾ?’ ಎಂದು ಕೇಳಬೇಡಿ, ‘ಕ್ಲಾಸಿಗೆ ಎಷ್ಟು ಮಕ್ಕಳು ಬಂದಿದ್ರು?’ ಎಂದು ಕೇಳಿ ಎಂದು ಅಕ್ಕನಿಗೆ ಹೇಳಿದ್ದೇನೆ.

ಒಂದು ಎಚ್ಚರಿಕೆ. ಸಾವಿರಾರು ಜನ ಹಂಚಿಕೊಂಡ ನಂಬಿಕೆ ಬೇರೆ, ಕಾಯಿಲೆ ಬೇರೆ. ಟಿವಿಯಲ್ಲಿ ನನಗೊಬ್ಬನಿಗೇ ಸಂದೇಶ ಬರುತ್ತಿದೆ, ಯಾರೋ ನನ್ನನ್ನೇ ಹಿಂಬಾಲಿಸುತ್ತಿದ್ದಾರೆ, ಊಟದಲ್ಲಿ ಏನೋ ಬೆರೆಸಿದ್ದಾರೆ ಎಂದರೆ, ಯಾರಿಗೂ ಕೇಳದ ದನಿ ಕೇಳಿಸಿದರೆ, ದಿನಗಟ್ಟಲೆ ನಿದ್ದೆ ಇಲ್ಲದಿದ್ದರೂ ದಣಿವಿಲ್ಲದೆ ಓಡಾಡುತ್ತಿದ್ದರೆ, ಸಾಯುವ ಅಥವಾ ಯಾರಿಗಾದರೂ ಏನಾದರೂ ಮಾಡುವ ಮಾತು ಬಂದರೆ ಆಪ್ತಸಲಹೆಗೆ ಕಾಯಬೇಡಿ. ಅಂದೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತಾರೆ.