ಹಳೆಯ ಬಲ್ಬಿನ ನೆತ್ತಿಯ ಮೊನೆ

ಪ್ರಶ್ನೆ: 1880ರ ದಶಕದ ಬಲ್ಬುಗಳ ಚಿತ್ರದಲ್ಲಿ ನೆತ್ತಿಯ ಮೇಲೊಂದು ಚೂಪು ಮೊನೆ ಕಾಣುತ್ತದೆ. ಅದು ಏಕೆ? ಎಡಿಸನ್ ಪ್ರಯೋಗಗಳಲ್ಲಿ ಗಾಜು ಊದುವವರ ಕೆಲಸ ಏನಿತ್ತು?

ಉತ್ತರ: ಬಲ್ಬಿನೊಳಗಿನ ಗಾಳಿ ಎಳೆದ ಕೊಳವೆಯನ್ನು ಉರಿಯಲ್ಲಿ ಕರಗಿಸಿ ಮುಚ್ಚಿದ ಗುರುತು ಅದು. ಬಲ್ಬಿನ ಕಥೆ ಹೇಳುವವರು ಫಿಲಮೆಂಟನ್ನಷ್ಟೇ ಹೊಗಳುತ್ತಾರೆ. ಆದರೆ ಗಾಜಿನ ಕೆಲಸ ಕೆಟ್ಟರೆ ಎಂಥ ಫಿಲಮೆಂಟೂ ಉಳಿಯದು; ಸ್ವಲ್ಪ ಆಮ್ಲಜನಕ ಸಿಕ್ಕರೂ ಕಾದ ಇಂಗಾಲದ ಎಳೆ ಸುಟ್ಟುಹೋಗುತ್ತದೆ.

ಎಡಿಸನ್ನರ ಪ್ರಯೋಗಾಲಯವಿದ್ದ ಮೆನ್ಲೋ ಪಾರ್ಕಿಗೆ 1879ರ ಆಗಸ್ಟಿನಲ್ಲಿ ಬಂದ ಗಾಜು ಊದುಗ ಲುಡ್ವಿಗ್ ಬೋಮ್, ಜರ್ಮನಿಯ ಬಾನ್ ನಗರದ ಗಾಜಿನ ಉಪಕರಣ ತಯಾರಕ ಗೈಸ್ಲರ್ ಬಳಿ ಪಳಗಿದವರು. ಬುರುಡೆಯಷ್ಟೇ ಅಲ್ಲ, ಅದರೊಳಗಿನ ಗಾಳಿ ಎಳೆಯುವ ಸ್ಪ್ರೆಂಗೆಲ್ ಪಂಪೂ ಗಾಜಿನದೇ. ಕಿರಿದಾದ ಕೊಳವೆಯಲ್ಲಿ ಹನಿಹನಿಯಾಗಿ ಬೀಳುವ ಪಾದರಸ, ಎರಡು ಹನಿಗಳ ನಡುವೆ ಗಾಳಿಯನ್ನು ಹಿಡಿದು ಕೆಳಗೆ ಒಯ್ಯುತ್ತದೆ. ಕೊಳವೆ 76 ಸೆಂ.ಮೀ.ಗಿಂತ ಉದ್ದವಿರಲೇಬೇಕು, ಇಲ್ಲದಿದ್ದರೆ ಹೊರಗಿನ ಗಾಳಿಯ ಒತ್ತಡ ಪಾದರಸವನ್ನು ಮೇಲಕ್ಕೇ ತಳ್ಳಿಬಿಡುತ್ತದೆ. ಹೀಗೆ ವಾಯುಮಂಡಲದ ಒತ್ತಡದ ಹತ್ತು ಲಕ್ಷದಲ್ಲಿ ಒಂದು ಪಾಲಿನವರೆಗೂ ಇಳಿಯಬಹುದಿತ್ತು.

ನಿಜವಾಗಿ ಕಷ್ಟದ ಜಾಗವೆಂದರೆ ತಂತಿ ಗಾಜನ್ನು ದಾಟುವ ಕಡೆ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತಾಮ್ರ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 17 ಪಾಲು ಹಿಗ್ಗುತ್ತದೆ, ಪ್ಲಾಟಿನಮ್ 9 ಪಾಲು. ಕಡಿಮೆ ಬಿಸಿಗೇ ಕರಗುವ ಮೆದುಗಾಜು ಹಿಗ್ಗುವುದೂ ಹೆಚ್ಚುಕಡಿಮೆ 9. ತಾಮ್ರದ ದಪ್ಪ ತಂತಿ ಹಾಕಿದರೆ ಆರುವಾಗ ಅದು ಗಾಜಿಗಿಂತ ಹೆಚ್ಚು ಕುಗ್ಗಿ, ಸುತ್ತ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಅಲ್ಲಿಂದಲೇ ಗಾಳಿ ನುಸುಳುವುದು. ಅದಕ್ಕೇ ಅಷ್ಟು ದುಬಾರಿಯಾದ ಪ್ಲಾಟಿನಮ್ ಬಳಸಿದ್ದು.

ಕೆಲಸದ ಕ್ರಮ ಹೀಗೆ: ಎರಡು ಪ್ಲಾಟಿನಮ್ ತಂತಿ ತೂರಿಸಿದ ಒಳಕೊಳವೆಯ ತುದಿಯನ್ನು ಕರಗಿಸಿ ಚಪ್ಪಟೆಯಾಗಿ ಅದುಮಬೇಕು, ಫಿಲಮೆಂಟ್ ಕೂರಿಸಬೇಕು, ಹೀಗೆ ಸಿದ್ಧವಾದ ಇಡೀ ಒಳಭಾಗವನ್ನು, ಅಂದರೆ ಕಾಂಡವನ್ನು, ಬುರುಡೆಯ ಕುತ್ತಿಗೆಗೆ ಬೆಸೆಯಬೇಕು. ಸೀಸ ಬೆರೆತ ಗಾಜಾದರೆ ಉರಿಗೆ ಗಾಳಿ ಸಾಲದಾದಾಗ ಸೀಸ ಬೇರ್ಪಟ್ಟು ಗಾಜು ಕಪ್ಪಾಗುತ್ತದೆ. ಬೆಸುಗೆಯನ್ನು ಥಟ್ಟನೆ ಆರಿಸಿದರೆ ಒಳಗೆ ಬಿಗಿತ ಉಳಿದು, ಗಂಟೆಗಳ ನಂತರವೂ ಬಿರುಕು ಬಿಡಬಹುದು. ಉರಿ ತಗ್ಗಿಸುತ್ತಾ ನಿಧಾನವಾಗಿಯೇ ಆರಿಸಬೇಕು.

ಪಂಪು ನಡೆಯುತ್ತಿರುವಾಗಲೇ ವಿದ್ಯುತ್ ಹರಿಸಿ ಫಿಲಮೆಂಟನ್ನು ಕಾಯಿಸುತ್ತಿದ್ದರು. ಇಂಗಾಲದಲ್ಲಿ ಅಡಗಿದ ಅನಿಲ ಆಗಲೇ ಹೊರಬರಬೇಕು. ಆಮೇಲೆ ಬಂದರೆ ನಿರ್ವಾತ ಕೆಟ್ಟಂತೆಯೇ. ಕೊನೆಗೆ ನೆತ್ತಿಯ ಕೊಳವೆಗೆ ಉರಿ ಹಿಡಿದು, ಎಳೆದು, ಮುಚ್ಚಿದರೆ ಮೊನೆ.

ಮುಂದೆ ಆ ಕೊಳವೆಯನ್ನು ಬುಡದ ಕಾಂಡದೊಳಕ್ಕೇ ತಂದರು. ಇಂದಿನ ಫಿಲಮೆಂಟ್ ಬಲ್ಬಿನಲ್ಲೂ ಆ ಮೊನೆಯಿದೆ, ಲೋಹದ ಕ್ಯಾಪಿನೊಳಗೆ.