ಹಗುರದ ಲಿನಕ್ಸ್ ಲ್ಯಾಪ್‌ಟಾಪ್: ಎಕ್ಸ್ 280 ತಗೊಂಡು ಆಮೇಲೆ ರ‍್ಯಾಮ್ ಏರಿಸ್ಬಹುದಾ?

ಪ್ರಶ್ನೆ: ಸರ್, ದಿನಾ ತುಮಕೂರಿಂದ ಬೆಂಗಳೂರಿಗೆ ಟ್ರೈನಲ್ಲಿ ಓಡಾಡ್ತೀನಿ, ಈಗಿರೋ 15 ಇಂಚಿನ ಲ್ಯಾಪ್‌ಟಾಪ್ ಹೊತ್ತು ಹೊತ್ತು ಹೆಗಲು ಬಿದ್ದೋಗಿದೆ. ಲಿನಕ್ಸ್ ಹಾಕ್ಕೊಳ್ಳೋಕೆ ಸಣ್ಣದು ಬೇಕು, ಬಜೆಟ್ 20 ಸಾವಿರ. ಪೈಥಾನ್, ಸ್ವಲ್ಪ ಡಾಕರ್ ಕಲೀತಿದೀನಿ. ಒಂದು ಅಂಗಡೀಲಿ ಹೊಸಾ 11 ಇಂಚಿನ ಸೆಲೆರಾನ್ (4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್) ತೋರಿಸಿದ್ರು. ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಎಕ್ಸ್ 280 ಇದೆ, 8 ಜಿಬಿದು. ಅದನ್ನ ತಗೊಂಡು ಆಮೇಲೆ 16 ಮಾಡಿಸ್ಕೋಬಹುದಾ? ಕನ್ನಡ ಟೈಪಿಂಗ್ ಆಗತ್ತಾ?

ಉತ್ತರ: ಆಮೇಲೆ 16 ಮಾಡಿಸೋಕಾಗಲ್ಲ, ಕನ್ನಡ ಟೈಪಿಂಗ್ ಆಗತ್ತೆ, ಅದನ್ನ ಕೊನೇಲಿ ಹೇಳ್ತೀನಿ. ಎಕ್ಸ್ 280ರಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಸ್ಲಾಟ್ ಅನ್ನೋದೇ ಇಲ್ಲ, ಫ್ಯಾಕ್ಟರಿಯಿಂದ 8 ಬಂದಿದ್ರೆ ಕೊನೇವರೆಗೂ 8. ಎಸ್‌ಎಸ್‌ಡಿ ಮಾತ್ರ ಬದಲಾಯಿಸ್ಬಹುದು. ಅಂಗಡಿಯವ್ರು "ಆಮೇಲೆ ಹಾಕ್ಕೊಡ್ತೀವಿ ಬಿಡಿ" ಅಂದ್ರೆ ಯಾವ ಸ್ಲಾಟಿಗೆ ಅಂತ ಕೇಳಿ. ಅದೇ ಮಾಡೆಲ್ 16 ಜಿಬಿದು ಸಿಕ್ರೆ ಕಣ್ಮುಚ್ಚಿ ತಗೊಳ್ಳಿ, ಸುಮಾರು 1.2 ಕೆಜಿ ಇದೆ, ಹೆಚ್ಚಿನವು ಇಂಟೆಲ್ 8ನೇ ಜನರೇಶನ್ ಪ್ರೊಸೆಸರಿನವು, ಅದ್ರಲ್ಲಿ ಐ5 ಅಥವಾ ಐ7 ಆದ್ರೆ ನಾಲ್ಕು ಕೋರ್.

ಆ ಹೊಸಾ ಸೆಲೆರಾನ್ ವಿಷಯ ಮರೆತುಬಿಡಿ. ಅದರಲ್ಲಿ ರ‍್ಯಾಮ್ ಜೊತೆಗೆ 64 ಜಿಬಿ ಇಎಂಎಂಸಿ (ಚಿಪ್ ರೂಪದ ಅಗ್ಗದ) ಸ್ಟೋರೇಜೂ ಸಾಮಾನ್ಯವಾಗಿ ಬೋರ್ಡಿಗೇ ಅಂಟಿರತ್ತೆ, ನಾಲ್ಕು ಡಾಕರ್ ಇಮೇಜ್ (ಪ್ರೋಗ್ರಾಂ ಓಡೋಕೆ ಬೇಕಾದ್ದೆಲ್ಲ ಸೇರಿದ ಕಟ್ಟು) ಇಳಿಸೋಷ್ಟರಲ್ಲಿ ಜಾಗ ಮುಗಿಯತ್ತೆ.

ನಿಮಗೆ ನಾನು ಹೇಳೋದು ಎಕ್ಸ್ 270. 12.5 ಇಂಚು, ಸುಮಾರು 1.3 ಕೆಜಿ, ಡಿಡಿಆರ್4 ಸ್ಲಾಟ್ ಇದೆ, ಆದ್ರೆ ಒಂದೇ ಒಂದು. ಅಂದ್ರೆ ಈಗ 8ರ ಸ್ಟಿಕ್ ಇದ್ರೆ ಪಕ್ಕದಲ್ಲಿ ಇನ್ನೊಂದು 8 ಹಾಕೋಕಾಗಲ್ಲ, ಅದನ್ನ ತೆಗೆದು 16ರ ಒಂದೇ ಸ್ಟಿಕ್ ಹಾಕ್ಬೇಕು, ಈ ಖರ್ಚನ್ನ ಬಜೆಟ್ಟಲ್ಲಿ ಮೊದಲೇ ಎತ್ತಿಡಿ, ರ‍್ಯಾಮ್ ರೇಟು ಬೇರೆ ಏರಿ ಕೂತಿದೆ. ಇದ್ರಲ್ಲಿ ಇರೋದು 6 ಅಥವಾ 7ನೇ ಜನರೇಶನ್. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಅಧಿಕೃತವಾಗಿ ಹೆಚ್ಚೂಕಮ್ಮಿ 8ನೇ ಜನರೇಶನ್‌ನಿಂದ ಮೇಲಿನದಕ್ಕೇ, ಹಾಗಾಗಿ ಆಫೀಸುಗಳು ಹೊರಗೆ ಹಾಕಿದ ಇಂಥ ಮೆಷಿನ್ನುಗಳು ವಿಂಡೋಸಿನವರಿಗೆ ಬೇಡ, ಲಿನಕ್ಸಿನವರಿಗೆ ಲಾಭ. ಎರಡು ಸ್ಲಾಟ್ ಬೇಕೇ ಬೇಕು ಅಂದ್ರೆ ಎಚ್‌ಪಿ ಎಲೀಟ್‌ಬುಕ್ 830 ಜಿ5 ಹುಡುಕಿ, 13.3 ಇಂಚು, ಸಾಮಾನ್ಯವಾಗಿ 8ನೇ ಜನರೇಶನ್, ರೇಟ್ ಒಪ್ಪಿಗೆಯಾದ್ರೆ ನಿಜವಾಗ್ಲೂ ಅದೇ ಒಳ್ಳೇದು. ಎಕ್ಸ್ 230 ಹಾಕ್ಕೊಳ್ಳಿ ಅಂತ ಹೇಳೋ ಭಕ್ತರು ಸಿಗ್ತಾರೆ, ಕೀಬೋರ್ಡ್ ಚೆನ್ನಾಗಿದೆ ನಿಜ, ಆದ್ರೆ ಅದು 2012ರದ್ದು, ಡಿಡಿಆರ್3, ವೈಫೈ ಕಾರ್ಡ್ ಬದಲಾಯಿಸೋಕೆ ಹೋದ್ರೆ ಕಂಪನಿಯ ಪಟ್ಟೀಲಿಲ್ಲದ ಕಾರ್ಡನ್ನ ಬಯೋಸೇ (ಆನ್ ಮಾಡಿದ ತಕ್ಷಣ ಮೊದಲು ಓಡೋ ಒಳಗಿನ ಪ್ರೋಗ್ರಾಂ) ಒಪ್ಪಲ್ಲ.

ಅಂಗಡಿಗೆ ಹೋಗುವಾಗ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿದ ಪೆನ್‌ಡ್ರೈವ್ ಜೇಬಲ್ಲಿರ್ಲಿ. ಮೊದಲು ಬಯೋಸಿಗೆ ಹೋಗಿ, ಪಾಸ್‌ವರ್ಡ್ ಕೇಳಿದ್ರೆ ಎಷ್ಟೇ ಸೋವಿಯಾದ್ರೂ ವಾಪಸ್ ಕೊಟ್ಟು ಬನ್ನಿ, ಥಿಂಕ್‌ಪ್ಯಾಡಲ್ಲಿ ಆ ಸೂಪರ್‌ವೈಸರ್ ಪಾಸ್‌ವರ್ಡ್ ಮದರ್‌ಬೋರ್ಡಿನ ಸಣ್ಣ ಸೆಲ್ ಕಿತ್ತಿಟ್ರೂ ಹೋಗಲ್ಲ. ಪೆನ್‌ಡ್ರೈವಿಂದ ಬೂಟ್ ಆದ್ಮೇಲೆ ವೈಫೈ, ಸೌಂಡ್, ಕ್ಯಾಮೆರಾ ನೋಡಿ, ಮುಚ್ಚಳ ಮುಚ್ಚಿ ತೆಗೆದು ಸ್ಲೀಪಿಂದ ಏಳತ್ತಾ ಅಂತ್ಲೂ ನೋಡಿ. ಇಂಟೆಲ್ ವೈಫೈ ಕಾರ್ಡ್ ಇದ್ರೆ ತಲೆನೋವಿಲ್ಲ, ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ಲಲ್ಲೇ ಇದೆ. ಪವರ್ ಮ್ಯಾನೇಜರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಕಾಣತ್ತೆ, ಅರ್ಧಕ್ಕಿಂತ ಕೆಳಗಿದ್ರೆ ಚೌಕಾಸಿ ಶುರು ಮಾಡಿ. ಸ್ಕ್ರೀನ್ ರೆಸಲ್ಯೂಶನ್ ಮರೀಬೇಡಿ, 1366×768ರ ಮಂಕು ಪ್ಯಾನೆಲ್ ಬೇಕಾದಷ್ಟಿವೆ, ಕೋಡ್ ಬರೆಯೋರಿಗೆ 1920×1080 ಐಪಿಎಸ್ಸೇ (ಓರೆಯಿಂದ ನೋಡಿದ್ರೂ ಬಣ್ಣ ಕೆಡದ ಪ್ಯಾನೆಲ್) ಬೇಕು. ಫಿಂಗರ್‌ಪ್ರಿಂಟ್ ಕೆಲಸ ಮಾಡ್ದೇ ಇದ್ರೆ ಅದೇನು ಅಂಗಡಿಯವ್ರ ತಪ್ಪಲ್ಲ, ಕೆಲವು ಸೆನ್ಸರ್‌ಗಳಿಗೆ ಲಿನಕ್ಸಲ್ಲಿ ಸಪೋರ್ಟ್ ಇಲ್ಲ.

ರ‍್ಯಾಮ್ ನೀವೇ ಹಾಕ್ಕೊಳ್ಳೋದಾದ್ರೆ ಎಕ್ಸ್ 270ರಲ್ಲಿ ಎರಡು ಬ್ಯಾಟರಿ ಇದೆ ಅನ್ನೋದು ನೆನಪಿರ್ಲಿ. ಹೊರಗಿಂದು ಕಿತ್ತಿಟ್ರೂ ಒಳಗಿಂದು ಕರೆಂಟ್ ಕೊಡ್ತಾನೇ ಇರತ್ತೆ, ಬಯೋಸಿನ ಪವರ್ ಮೆನುವಲ್ಲಿ ಒಳಗಿನ ಬ್ಯಾಟರಿ ಡಿಸೇಬಲ್ ಮಾಡಿ ಆಮೇಲೆ ತಳ ಬಿಚ್ಚಿ. ಇದೇ ಕಾರಣಕ್ಕೆ ಟ್ರೈನಲ್ಲಿ ಲ್ಯಾಪ್‌ಟಾಪ್ ಆಫ್ ಮಾಡ್ದೇ ಹೊರಗಿನ ಬ್ಯಾಟರಿ ಬದಲಾಯಿಸ್ಬಹುದು. ಟಿಎಲ್‌ಪಿ ಅನ್ನೋ ಬ್ಯಾಟರಿ ಉಳಿಸೋ ಪ್ರೋಗ್ರಾಂ ಹಾಕ್ಕೊಂಡು ಚಾರ್ಜನ್ನ 80%ಗೆ ನಿಲ್ಲಿಸಿದ್ರೆ ಬ್ಯಾಟರಿ ಬೇಗ ಸಾಯಲ್ಲ.

ಕನ್ನಡಕ್ಕೆ ಐಬಸ್ ಎಂ17ಎನ್ ಅನ್ನೋ ಟೈಪಿಂಗ್ ಪ್ಯಾಕೇಜ್ ಹಾಕಿ, ಅದರಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್) ಲೇಔಟ್ ಇದೆ, ನುಡಿ ಅಭ್ಯಾಸ ಇದ್ರೆ ಅದೇ ಕೈಗೆ ಬರತ್ತೆ. ಇನ್‌ಸ್ಕ್ರಿಪ್ಟೂ ಇದೆ. ನುಡಿಯ ಆಸ್ಕಿ (ಯುನಿಕೋಡ್ ಅಲ್ಲದ ಹಳೇ) ಫಾಂಟಲ್ಲಿ ಟೈಪ್ ಮಾಡಿದ ಹಳೇ ಫೈಲುಗಳಿದ್ರೆ ಮಾತ್ರ ವಿಂಡೋಸ್ ಇರುವಾಗ್ಲೇ ಯುನಿಕೋಡಿಗೆ ಬದಲಾಯಿಸ್ಕೊಂಡುಬಿಡಿ.